ಎಸ್ಪ್ರೆಸೊಗೆ ಎಂಥ ಬೀಜ ಕೊಳ್ಳಬೇಕು? ಅರೇಬಿಕಾ, ರೊಬಸ್ಟಾ ಮತ್ತು ಹುರಿಯುವ ಹದ

ಕಾವೇರಿತೀರ (ಪ್ರಶ್ನೆ)

ಮೂರು ತಲೆಮಾರಿನಿಂದ ಹಿತ್ತಾಳೆಯ ಫಿಲ್ಟರಿನಲ್ಲಿ ಇಳಿದ ಡಿಕಾಕ್ಷನ್ನನ್ನೇ ನೆಚ್ಚಿಕೊಂಡು ಬಂದ ಮನೆ ನಮ್ಮದು. ಈಚೆಗೆ ಮಗಳ ಆಸೆಯಂತೆ ಸಣ್ಣದೊಂದು ಎಸ್ಪ್ರೆಸೊ ಯಂತ್ರವನ್ನು ತಂದಿದ್ದೇವೆ. ಮನೆಯಲ್ಲಿದ್ದ ಶೇ. 20ರಷ್ಟು ಚಿಕೋರಿ ಬೆರೆತ ಪುಡಿಯನ್ನೇ ಹಾಕಿ ನೋಡಿದಾಗ, ಪುಡಿಯನ್ನು ಹಗುರವಾಗಿ ಅದುಮಿದರೆ ಕಾಫಿ ನೀರಿನಂತೆ ಸುರಿದುಹೋಗುತ್ತದೆ, ಬಿಗಿಯಾಗಿ ಅದುಮಿದರೆ ಹನಿಹನಿಯಾಗಿ ತೊಟ್ಟಿಕ್ಕಿ ಕಹಿಯಾಗುತ್ತದೆ. ಮೈಸೂರಿನ ಅಂಗಡಿಗಳಲ್ಲಿ ವಿಚಾರಿಸಿದರೆ ಒಬ್ಬರು ಅಪ್ಪಟ ಅರೇಬಿಕಾವನ್ನೇ ಕೊಳ್ಳಿ, ರೊಬಸ್ಟಾ ಕೀಳುದರ್ಜೆಯದು ಎನ್ನುತ್ತಾರೆ. ಇನ್ನೊಬ್ಬರು ಎಣ್ಣೆ ಜಿನುಗುವಷ್ಟು ಕಪ್ಪಗೆ ಹುರಿದ ಬೀಜವನ್ನು ತೋರಿಸಿ ಎಸ್ಪ್ರೆಸೊಗೆ ಇದೇ ಸರಿ ಎನ್ನುತ್ತಾರೆ. ನಾನು ಹಾಲಿಲ್ಲದೆ ಕುಡಿಯುವವನು, ಮನೆಯ ಉಳಿದವರಿಗೆಲ್ಲ ಹಾಲು ಬೇಕೇ ಬೇಕು. ಇಬ್ಬರಿಗೂ ಹೊಂದುವ ಬೀಜ ಯಾವುದು, ಅದನ್ನು ಎಷ್ಟು ಹುರಿಸಬೇಕು, ಅಂಗಡಿಯಲ್ಲೇ ಪುಡಿ ಮಾಡಿಸಿ ತಂದರೆ ಸಾಲದೆ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಹದಹುರಿ

ಮೊದಲು ಪುಡಿಯ ಮಾತನ್ನು ಮುಗಿಸೋಣ, ಏಕೆಂದರೆ ನಿಮ್ಮ ತೊಂದರೆಯ ಬಹುಪಾಲು ಅಲ್ಲಿಯೇ ಇದೆ. ನಮ್ಮ ಫಿಲ್ಟರಿನಲ್ಲಿ ನೀರು ತನ್ನ ಭಾರದಿಂದಲೇ ಇಳಿಯುವುದರಿಂದ ಪುಡಿಯ ಸಾರವನ್ನು ಹೀರಿಕೊಳ್ಳಲು ಅದಕ್ಕೆ ಸಾಕಷ್ಟು ಹೊತ್ತು ಸಿಗುತ್ತದೆ. ಎಸ್ಪ್ರೆಸೊದಲ್ಲಿ ಸುಮಾರು 9 ಬಾರ್ ಒತ್ತಡದ ನೀರು 25ರಿಂದ 30 ಸೆಕೆಂಡುಗಳೊಳಗೆ ಅದೇ ಕೆಲಸವನ್ನು ಮುಗಿಸಬೇಕು. ಇಷ್ಟು ಕಡಿಮೆ ಸಮಯದಲ್ಲಿ ಸಾರ ಇಳಿಯಬೇಕಾದರೆ ಕಣಗಳು ಫಿಲ್ಟರ್ ಪುಡಿಗಿಂತ ನುಣ್ಣಗಿರಬೇಕು ಮತ್ತು ಒಂದೇ ಸಮನಾಗಿರಬೇಕು. ನೀರಿಗೆ ತಡೆಯೊಡ್ಡುವುದು ಕಣಗಳ ಗಾತ್ರವೇ ಹೊರತು ನಿಮ್ಮ ಕೈಯ ಬಲವಲ್ಲ. ಆದ್ದರಿಂದ ಅದುಮುವ ಬಲವನ್ನು ಹೆಚ್ಚುಕಡಿಮೆ ಮಾಡಿ ಹರಿವನ್ನು ತಿದ್ದಲು ಹೊರಡಬೇಡಿ. ಪ್ರತಿಸಲವೂ ಮಟ್ಟಸವಾಗಿ, ಒಂದೇ ರೀತಿ ಅದುಮಿ, ತಿದ್ದುವುದೇನಿದ್ದರೂ ಗ್ರೈಂಡರಿನಲ್ಲಿ ತಿದ್ದಿ.

ಚಿಕೋರಿಯನ್ನು ಯಂತ್ರದಿಂದ ದೂರವಿಡಿ. ಅದು ಕೆಟ್ಟದ್ದೆಂದು ಹೀಗೆನ್ನುತ್ತಿಲ್ಲ; ಫಿಲ್ಟರ್ ಕಾಫಿಗೆ ಅದು ಕೊಡುವ ಬಣ್ಣವೂ ಸಾಂದ್ರತೆಯೂ ನನಗೂ ಇಷ್ಟ. ಆದರೆ ಹುರಿದ ಚಿಕೋರಿ ಬೇರು ಕಾಫಿಗಿಂತ ಬಹಳ ಬೇಗ, ಬಹಳ ಹೆಚ್ಚಾಗಿ ನೀರಿನಲ್ಲಿ ಕರಗುತ್ತದೆ. ತಣ್ಣೀರಿನ ಲೋಟಕ್ಕೆ ಚಿಟಿಕೆ ಪುಡಿ ಹಾಕಿದರೆ ಕಾಫಿ ತೇಲುತ್ತಿರುವಾಗಲೇ ಚಿಕೋರಿ ಕಂದು ಗೆರೆಯೆಳೆಯುತ್ತ ತಳಕ್ಕಿಳಿಯುವುದನ್ನು ನೀವೂ ನೋಡಿರಬಹುದು. ಒತ್ತಡದ ಬಿಸಿನೀರಿಗೆ ಸಿಕ್ಕಾಗ ಅದು ಮೆತ್ತಗಾಗಿ, ಅಂಟಾಗಿ, ಯಂತ್ರದಲ್ಲಿ ಪುಡಿ ತುಂಬುವ ಲೋಹದ ಬುಟ್ಟಿಯ ತೂತುಗಳನ್ನು ಕಟ್ಟಿಬಿಡುತ್ತದೆ. ನೀವು ಹೇಳಿದ ತೊಟ್ಟಿಕ್ಕುವಿಕೆಗೆ ಇದೂ ಒಂದು ಕಾರಣವಿರಬೇಕು.

ಅಂಗಡಿಯಲ್ಲಿ ಪುಡಿ ಮಾಡಿಸುವ ವಿಚಾರಕ್ಕೆ ಬಂದರೆ, ನಿಮ್ಮ ಯಂತ್ರದೊಡನೆ ಬಂದ ಬುಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ. ಕೆಳಗಡೆ ಒಂದೇ ಒಂದು ಸಣ್ಣ ತೂತಿದ್ದರೆ ಅದು ಇಮ್ಮಡಿ ತಳದ ಬುಟ್ಟಿ; ತೂತೇ ಒತ್ತಡವನ್ನು ಹುಟ್ಟಿಸುವುದರಿಂದ ಅಂಗಡಿಯ ಪುಡಿಯೂ ಅದರಲ್ಲಿ ಹೇಗೋ ನಡೆದುಹೋಗುತ್ತದೆ, ಮೇಲೆ ನೊರೆಯೂ ಬರುತ್ತದೆ, ಆದರೆ ಆ ನೊರೆಯನ್ನು ನೋಡಿ ಕಾಫಿಯ ಗುಣವನ್ನು ಅಳೆಯಲಾಗದು. ತಳದ ತುಂಬ ಸೂಕ್ಷ್ಮ ತೂತುಗಳಿರುವ ಒಂಟಿ ತಳದ ಬುಟ್ಟಿಯಾದರೆ ಗ್ರೈಂಡರ್ ಇಲ್ಲದೆ ಸಾಗದು. ಬ್ಲೇಡು ತಿರುಗಿ ಬೀಜವನ್ನು ಚೂರು ಮಾಡುವ ಮಿಕ್ಸಿಯಂಥದ್ದು ಬೇಡ, ಎರಡು ಹಲ್ಲುಚಕ್ರಗಳ ನಡುವೆ ಅರೆಯುವಂಥದ್ದು ಬೇಕು. ಕೈಯಿಂದ ತಿರುಗಿಸುವ ಒಳ್ಳೆಯ ಗ್ರೈಂಡರ್ ಆದರೂ ಸಾಕು. ಯಂತ್ರಕ್ಕೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಗ್ರೈಂಡರಿಗೆ ಎತ್ತಿಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಸಾಧಾರಣ ಯಂತ್ರವನ್ನು ಒಳ್ಳೆಯ ಗ್ರೈಂಡರ್ ಕಾಪಾಡುತ್ತದೆ, ಆದರೆ ಸಾಧಾರಣ ಗ್ರೈಂಡರನ್ನು ಎಂಥ ಯಂತ್ರವೂ ಕಾಪಾಡಲಾರದು.

ಹುರಿಯುವ ಹದದ ಬಗ್ಗೆ: ಎಣ್ಣೆ ಜಿನುಗುವ ಕಪ್ಪು ಬೀಜವೇ ಎಸ್ಪ್ರೆಸೊ ಬೀಜ ಎಂಬ ನಂಬಿಕೆಯನ್ನು ಬಿಡುವುದು ಒಳ್ಳೆಯದು. ಹುರಿಯುವಾಗ ಬೀಜ ಎರಡು ಸಲ ಚಟಪಟನೆ ಸಿಡಿಯುತ್ತದೆ; ಎರಡನೆಯ ಸಿಡಿತ ದಾಟಿ ಮುಂದಕ್ಕೆ ಹೋದಷ್ಟೂ ಒಳಗಿನ ಎಣ್ಣೆ ಹೊರಮೈಗೆ ಬರುತ್ತದೆ. ಹೊರಬಂದ ಎಣ್ಣೆ ಗಾಳಿಗೆ ಬೇಗ ಕಮಟುತ್ತದೆ, ಗ್ರೈಂಡರಿನ ಹಲ್ಲುಗಳಿಗೂ ಅಂಟುತ್ತದೆ, ಮತ್ತು ಅಷ್ಟು ಹುರಿದ ಮೇಲೆ ಯಾವ ತೋಟದ ಬೀಜವಾದರೂ ಸುಟ್ಟ ಕಹಿಯೊಂದೇ ರುಚಿಯಾಗಿ ಉಳಿಯುತ್ತದೆ. ಎಸ್ಪ್ರೆಸೊದಲ್ಲಿ ಹೊಸಬರಾದ ನಿಮಗೆ ಎರಡನೆಯ ಸಿಡಿತ ಶುರುವಾಗುವ ಮೊದಲೇ ಇಳಿಸಿದ, ಮೈ ಒಣಗಿದಂತೆ ಕಾಣುವ ಮಧ್ಯಮ ಹುರಿಯ ಬೀಜ ಅನುಕೂಲ. ತೀರ ಎಳೆಯ ಹುರಿಯ ಬೀಜ ಗಟ್ಟಿಯಾಗಿದ್ದು ಸಾರವನ್ನು ಸುಲಭವಾಗಿ ಬಿಡುವುದಿಲ್ಲ. ಅದನ್ನು ಇನ್ನಷ್ಟು ನುಣ್ಣಗೆ ಅರೆದು, ನೀರಿನ ಬಿಸಿಯನ್ನೂ 94–96 ಡಿಗ್ರಿಯವರೆಗೆ ಏರಿಸಬೇಕಾಗುತ್ತದೆ, ಸಣ್ಣ ಯಂತ್ರಗಳಲ್ಲಿ ಇದು ಕಷ್ಟ.

ಪೊಟ್ಟಣದ ಮೇಲೆ ಹುರಿದ ದಿನಾಂಕವನ್ನು ಹುಡುಕಿ. ಪ್ಯಾಕ್ ಮಾಡಿದ ದಿನಾಂಕ ಬೇರೆ, ಹುರಿದ ದಿನಾಂಕ ಬೇರೆ. ಹುರಿಯುವಾಗ ಬೀಜದೊಳಗೆ ಹುಟ್ಟಿದ ಇಂಗಾಲದ ಡೈಆಕ್ಸೈಡ್ ದಿನಗಳ ಕಾಲ ಹೊರಬರುತ್ತಲೇ ಇರುತ್ತದೆ. ಹುರಿದ ಮರುದಿನವೇ ಬಳಸಿದರೆ ಈ ಅನಿಲ ನೀರಿನ ಹರಿವನ್ನು ಕೆಡಿಸಿ, ಲೋಟದ ತುಂಬ ನೊರೆಯನ್ನು ಮಾತ್ರ ಕೊಟ್ಟು, ರುಚಿಯನ್ನು ಮೊನಚಾಗಿಸುತ್ತದೆ. ಮಧ್ಯಮ ಹುರಿಯ ಬೀಜವನ್ನು ಒಂದು ವಾರ, ಎಳೆಯ ಹುರಿಯದಾದರೆ ಎರಡು ವಾರ ವಿಶ್ರಾಂತಿಗೆ ಬಿಟ್ಟು, ಆಮೇಲಿನ ಮೂರು ನಾಲ್ಕು ವಾರಗಳಲ್ಲಿ ಮುಗಿಸುವುದು ಸರಿ.

ಸೋಮವಾರಪೇಟೆ ಬೆಳೆಗಾರ

ರೊಬಸ್ಟಾ ಕೀಳುದರ್ಜೆಯದು ಎಂಬ ಮಾತಿಗೆ ಉತ್ತರಿಸದೆ ಇರಲಾರೆ. ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಹೆಚ್ಚಿನ ಪಾಲು ರೊಬಸ್ಟಾ, ಅದರಲ್ಲಿ ನಮ್ಮ ಕೊಡಗಿನ ಪಾಲು ದೊಡ್ಡದು. ಎಸ್ಪ್ರೆಸೊ ಹುಟ್ಟಿದ ಇಟಲಿಯೇ ನಮ್ಮ ಕಾಫಿಯ ಅತಿ ದೊಡ್ಡ ಗಿರಾಕಿಗಳಲ್ಲಿ ಒಂದು, ಮತ್ತು ಅಲ್ಲಿನ ಹುರಿಯುವವರು ನಮ್ಮ ರೊಬಸ್ಟಾವನ್ನು ಕೇಳಿ ಪಡೆದು ತಮ್ಮ ಮಿಶ್ರಣಗಳಿಗೆ ಸೇರಿಸುತ್ತಾರೆ. ಹಾಗಿರುವಾಗ ಮೈಸೂರಿನ ಅಂಗಡಿಯಲ್ಲಿ ಅದನ್ನು ತಳ್ಳಿಹಾಕುವುದನ್ನು ಕೇಳಿ ಮನಸ್ಸಿಗೆ ನೋವಾಗುತ್ತದೆ.

ಇದಕ್ಕೆ ಕಾರಣವನ್ನೂ ಹೇಳುತ್ತೇನೆ. ಪ್ರಪಂಚದ ಬಹುಪಾಲು ರೊಬಸ್ಟಾವನ್ನು ಹಣ್ಣಿನ ಸಮೇತ ಕಣದಲ್ಲಿ ಒಣಗಿಸುತ್ತಾರೆ, ನಮ್ಮ ಭಾಷೆಯಲ್ಲಿ ಅದು ಚೆರ್ರಿ. ಹಸಿರು, ಹಣ್ಣು, ಒಣಗಿದ್ದು ಎಲ್ಲವನ್ನೂ ಒಟ್ಟಿಗೆ ಉದುರಿಸಿ, ದಪ್ಪಗೆ ಹರಡಿ ಒಣಗಿಸಿದ ಚೆರ್ರಿಗೆ ರಬ್ಬರಿನ, ಕಟ್ಟಿಗೆಯ ವಾಸನೆ ಬರುತ್ತದೆ, ರೊಬಸ್ಟಾಕ್ಕೆ ಕೆಟ್ಟ ಹೆಸರು ಬಂದದ್ದು ಅಲ್ಲಿಂದಲೇ. ಆದರೆ ಮಾಗಿದ ಹಣ್ಣನ್ನೇ ಆರಿಸಿ ಕೊಯ್ದು, ಅದೇ ದಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಹಾಕಿ, ಲೋಳೆಯನ್ನು ತೊಳೆದು, ತೆಳ್ಳಗೆ ಹರಡಿ ಒಣಗಿಸಿದ ರೊಬಸ್ಟಾ ಪಾರ್ಚ್‌ಮೆಂಟಿನ ರುಚಿಯೇ ಬೇರೆ. ಅದರಲ್ಲಿ ಕೋಕೋ, ಹುರಿದ ಕಡಲೆಬೀಜಗಳ ನೆನಪು ತರುವ ಮೃದುವಾದ ಭಾರವಿರುತ್ತದೆ. ಹೀಗೆ ತೊಳೆದ ರೊಬಸ್ಟಾದ ಆಯ್ದ ದರ್ಜೆಯೇ ಕಾಪಿ ರಾಯಲ್ ಎಂಬ ಹೆಸರಿನಲ್ಲಿ ಹೊರದೇಶಗಳಿಗೆ ಹೋಗುತ್ತದೆ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಸಂಶೋಧನಾ ಕೇಂದ್ರ ಬೆಳೆಗಾರರಿಗೆ ಕೊಟ್ಟ ಸಿ×ಆರ್ ತಳಿ, ಅಂದರೆ ಕಾಂಜೆನ್ಸಿಸ್ ಮತ್ತು ರೊಬಸ್ಟಾಗಳ ಸಂಕರ, ಹಳೆಯ ರೊಬಸ್ಟಾಕ್ಕಿಂತ ಇನ್ನೂ ಸೌಮ್ಯವಾಗಿದೆ.

ಎಸ್ಪ್ರೆಸೊದ ಮೇಲೆ ನಿಲ್ಲುವ ಹೊಂಬಣ್ಣದ ಕ್ರೆಮಾ ಒತ್ತಡದಲ್ಲಿ ಕರಗಿದ ಅನಿಲ ಹೊರಬರುವಾಗ ಆಗುವ ನೊರೆ. ಎಣ್ಣೆಯ ಅಂಶ ಹೆಚ್ಚಿದ್ದಷ್ಟೂ ನೊರೆ ಬೇಗ ಒಡೆಯುತ್ತದೆ. ಹಸಿ ಅರೇಬಿಕಾ ಬೀಜದಲ್ಲಿ ಸುಮಾರು ಶೇ. 15ರಷ್ಟು ಎಣ್ಣೆಯಿದ್ದರೆ ರೊಬಸ್ಟಾದಲ್ಲಿ ಸುಮಾರು ಶೇ. 10 ಮಾತ್ರ, ಆದ್ದರಿಂದ ರೊಬಸ್ಟಾ ಸೇರಿದ ಕಾಫಿಯ ಕ್ರೆಮಾ ದಪ್ಪವಾಗಿ ಹೆಚ್ಚು ಹೊತ್ತು ನಿಲ್ಲುತ್ತದೆ. ಕೆಫೀನು ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು, ಹಾಗಾಗಿ ರಾತ್ರಿ ಕುಡಿಯುವವರು ಯೋಚಿಸಬೇಕು. ನಿಮ್ಮ ಮನೆಯವರು ಹಾಲು ಬೆರೆಸಿ ಕುಡಿಯುವವರಾದ್ದರಿಂದ ಶೇ. 30ರಷ್ಟು ತೊಳೆದ ರೊಬಸ್ಟಾ, ಉಳಿದದ್ದು ಪ್ಲಾಂಟೇಶನ್ ಅರೇಬಿಕಾ (ಅಂದರೆ ತೊಳೆದ ಅರೇಬಿಕಾ) ಎಂದು ಕೇಳಿ ಪಡೆಯಿರಿ. ಹಾಲಿನ ಸಿಹಿಯ ಅಡಿಯಲ್ಲಿ ಬರಿಯ ಅರೇಬಿಕಾ ಮುಳುಗಿಹೋಗುತ್ತದೆ, ಈ ಮಿಶ್ರಣ ಮುಳುಗುವುದಿಲ್ಲ.

ಗಿರಿಯಂಚು

ಬೆಳೆಗಾರರ ಮಾತಿನಲ್ಲಿ ಹಾಲಿನ ಭಾಗಕ್ಕೆ ನನ್ನ ಪೂರ್ಣ ಸಮ್ಮತಿಯಿದೆ, ಆದರೆ ಪ್ರಶ್ನೆ ಕೇಳಿದವರು ತಾವು ಹಾಲಿಲ್ಲದೆ ಕುಡಿಯುವವರೆಂದು ಸ್ಪಷ್ಟವಾಗಿ ಬರೆದಿದ್ದಾರೆ. ಅವರಿಗೆ ನಾನು ಅರೇಬಿಕಾವನ್ನೇ ಹೇಳುತ್ತೇನೆ. ಬಾಬಾಬುಡನ್‌ಗಿರಿಯ ಎತ್ತರದಲ್ಲಿ ಮರಗಳ ನೆರಳಿನಡಿ ನಿಧಾನವಾಗಿ ಮಾಗಿದ ಎಸ್. 795 ತಳಿಯ ತೊಳೆದ ಬೀಜವನ್ನು ಮಧ್ಯಮಕ್ಕಿಂತ ಸ್ವಲ್ಪ ಎಳೆಯದಾಗಿ ಹುರಿದು ಎಸ್ಪ್ರೆಸೊ ತೆಗೆದರೆ, ಹಣ್ಣಿನ ತೆಳುವಾದ ಹುಳಿಯೂ ಬೆಲ್ಲದಂಥ ಸಿಹಿಯೂ ಮಸಾಲೆಯ ಸುಳಿವೂ ಒಂದರ ಹಿಂದೊಂದು ಬರುತ್ತವೆ. ಈ ಸೂಕ್ಷ್ಮಗಳನ್ನು ರೊಬಸ್ಟಾದ ಭಾರ ಮುಚ್ಚಿಹಾಕುತ್ತದೆ ಎಂಬುದು ನನ್ನ ಅನುಭವ. ಕ್ರೆಮಾ ತೆಳ್ಳಗಾದರೆ ಆಗಲಿ, ಕಣ್ಣಿಗೆ ಚೆಂದವೆನಿಸಿದರೂ ಕ್ರೆಮಾವನ್ನು ಮಾತ್ರ ಚಮಚೆಯಲ್ಲಿ ತೆಗೆದು ರುಚಿ ನೋಡಿದರೆ ಅದು ಕಹಿಯೇ.

ಒಂದು ಎಚ್ಚರಿಕೆಯನ್ನು ಹೇಳಬೇಕು. ಅಪ್ಪಟ ಅರೇಬಿಕಾ ಎಂಬ ಬರಹವಾಗಲಿ ಎಎ ಎಂಬ ದರ್ಜೆಯಾಗಲಿ ರುಚಿಗೆ ಖಾತರಿಯಲ್ಲ. ಒಣಗಿದ ಕಾಫಿಯ ಹೊಟ್ಟು ತೆಗೆಯುವ ಕ್ಯೂರಿಂಗ್ ಕಾರ್ಖಾನೆಯಲ್ಲಿ ಎಎ, ಎ, ಬಿ ಎಂದು ವಿಂಗಡಿಸುವುದು ಮುಖ್ಯವಾಗಿ ಜರಡಿ ಹಿಡಿದು, ಬೀಜದ ಗಾತ್ರದ ಮೇಲೆ. ಯಾವ ತೋಟ, ಯಾವ ತಳಿ, ತೊಳೆದದ್ದೋ ಹಣ್ಣಿನೊಡನೆ ಒಣಗಿಸಿದ್ದೋ, ಯಾವಾಗ ಹುರಿದದ್ದು ಎಂದು ಬಾಯಿಬಿಟ್ಟು ಹೇಳುವ ಮಾರಾಟಗಾರರಲ್ಲಿ ಕೊಳ್ಳಿ.

ಹುಳಿ ಸ್ವಲ್ಪವೂ ಬೇಡವೆನ್ನುವವರಿಗೆ ನಡುದಾರಿಯೊಂದಿದೆ, ಅದು ಮಾನ್ಸೂನ್ಡ್ ಮಲಬಾರ್. ಮುಂಗಾರಿನ ತಿಂಗಳುಗಳಲ್ಲಿ ಮಂಗಳೂರು ಕರಾವಳಿಯ ಗೋದಾಮುಗಳಲ್ಲಿ ಬೀಜವನ್ನು ಹರಡಿ, ತೇವದ ಕಡಲಗಾಳಿಗೆ ಒಡ್ಡಿ, ಮತ್ತೆ ಮತ್ತೆ ಕೈಯಾಡಿಸಿ ಅದನ್ನು ಸಿದ್ಧಪಡಿಸುತ್ತಾರೆ. ಬೀಜ ಉಬ್ಬಿ, ಹಸಿರು ಬಣ್ಣ ಹೋಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಹುಳಿ ಬಹುಮಟ್ಟಿಗೆ ಕಳೆದುಹೋಗುತ್ತದೆ. ಹಿಂದೆ ಹಾಯಿಹಡಗುಗಳಲ್ಲಿ ತಿಂಗಳುಗಟ್ಟಲೆ ಪಯಣಿಸಿ ಯುರೋಪು ತಲುಪುತ್ತಿದ್ದ ಕಾಫಿಗೆ ತಾನಾಗಿ ಬರುತ್ತಿದ್ದ ಗುಣವನ್ನು ಈಗ ನೆಲದ ಮೇಲೆಯೇ ತರಿಸುತ್ತಾರೆ. ಒಂಟಿಯಾಗಿ ಅದು ಮಣ್ಣಿನ ರುಚಿಯದೆಂದು ಕೆಲವರಿಗೆ ಅನಿಸಬಹುದು, ಅರೇಬಿಕಾದೊಡನೆ ಬೆರೆತಾಗ ಚೆನ್ನಾಗಿ ಹೊಂದುತ್ತದೆ.

ಕಾವೇರಿತೀರ

ಎಲ್ಲರಿಗೂ ಕೃತಜ್ಞತೆಗಳು. ಬುಟ್ಟಿಯನ್ನು ನೋಡಿದೆ, ತಳದ ತುಂಬ ತೂತುಗಳಿವೆ. ಆದ್ದರಿಂದ ಕೈಗ್ರೈಂಡರ್ ಕೊಳ್ಳುವುದೆಂದು ನಿರ್ಧರಿಸಿದ್ದೇವೆ. ಎಷ್ಟು ಪುಡಿಗೆ ಎಷ್ಟು ಕಾಫಿ ಇಳಿಸಬೇಕು, ಮಳೆಗಾಲದಲ್ಲಿ ಬೀಜವನ್ನು ಹೇಗೆ ಕಾಪಾಡಬೇಕು ಎಂಬೆರಡು ಸಂದೇಹಗಳು ಉಳಿದಿವೆ. ನೀರಿನ ಶುದ್ಧೀಕರಣ ಯಂತ್ರದಿಂದ ಬಂದ ನೀರನ್ನೇ ಬಳಸುತ್ತಿದ್ದೇವೆ, ಅದು ಸರಿಯೇ?

ಹದಹುರಿ

ಇಟಲಿಯ ಸಾಂಪ್ರದಾಯಿಕ ಅಳತೆಯಲ್ಲಿ 7 ಗ್ರಾಂ ಪುಡಿಯಿಂದ 25 ಸೆಕೆಂಡಿನಲ್ಲಿ 25 ಮಿ.ಲೀ. ಕಾಫಿ ಬರುತ್ತದೆ. ಈಗಿನ ದೊಡ್ಡ ಬುಟ್ಟಿಗಳಲ್ಲಿ 18 ಗ್ರಾಂ ಪುಡಿ ಹಾಕಿ 36 ಗ್ರಾಂ ಕಾಫಿ ಇಳಿಸುವುದು ರೂಢಿ. ನಿಮ್ಮ ಬುಟ್ಟಿ ಎಷ್ಟು ಹಿಡಿಯುವುದೋ ಅಷ್ಟು ಹಾಕಿ, ಅದರ ಎರಡರಷ್ಟು ತೂಕ ಇಳಿಸಿ. ಕ್ರೆಮಾ ಗಾತ್ರದಲ್ಲಿ ಮೋಸ ಮಾಡುವುದರಿಂದ ಲೋಟವನ್ನು ತಕ್ಕಡಿಯ ಮೇಲಿಟ್ಟೇ ಅಳೆಯಿರಿ. 15 ಸೆಕೆಂಡಿನೊಳಗೆ ಸುರಿದು ಹುಳಿಯಾಗಿ, ತೆಳ್ಳಗೆ ಬಂದರೆ ಇನ್ನಷ್ಟು ನುಣ್ಣಗೆ ಅರೆಯಿರಿ. 40 ಸೆಕೆಂಡು ಹಿಡಿದು ಕಹಿಯಾಗಿ, ಒಗರಾಗಿ ಬಂದರೆ ದಪ್ಪಗೆ ಅರೆಯಿರಿ. ಪುಡಿಯ ತೂಕವನ್ನೂ ಅರೆಯುವ ಗಾತ್ರವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಮಳೆ ಹಿಡಿದ ದಿನ ನಿನ್ನೆಯ ಅಳತೆ ಇಂದು ಹೊಂದದೆ ಇರಬಹುದು, ಆಗಲೂ ತಿದ್ದಬೇಕಾದದ್ದು ಅರೆಯುವ ಗಾತ್ರವನ್ನೇ.

ಬೀಜವನ್ನು ಫ್ರಿಜ್ಜಿನಲ್ಲಿಟ್ಟು ದಿನವೂ ತೆಗೆದು ಹಾಕುವುದು ಬೇಡ, ಪ್ರತಿಸಲವೂ ತಣ್ಣನೆಯ ಬೀಜದ ಮೇಲೆ ತೇವ ಕೂರುತ್ತದೆ. ಬಿಸಿಲು ಬೀಳದ ಕಪಾಟಿನಲ್ಲಿ ಗಾಳಿಯಾಡದ ಡಬ್ಬಿ ಸಾಕು. ಹೆಚ್ಚು ಕೊಂಡಿದ್ದರೆ ವಾರಕ್ಕಾಗುವಷ್ಟನ್ನು ಬೇರೆ ಬೇರೆ ಪೊಟ್ಟಣಗಳಲ್ಲಿ ಗಾಳಿ ತೆಗೆದು ಕಟ್ಟಿ ಫ್ರೀಜರಿನಲ್ಲಿಟ್ಟು, ಒಂದನ್ನು ಹೊರತೆಗೆದ ಮೇಲೆ ಅದು ಕೋಣೆಯ ಬಿಸಿಗೆ ಬರುವತನಕ ತೆರೆಯದೆ ಇರಿಸಿ.

ನೀರು ಬಹಳ ಮುಖ್ಯ. ಆರ್‌ಒ ಯಂತ್ರ ಲವಣಗಳನ್ನು ಬಹುತೇಕ ತೆಗೆದುಬಿಡುವುದರಿಂದ ಕಾಫಿ ಸಪ್ಪೆಯಾಗುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ಬಾಯ್ಲರಿನೊಳಗೆ ಸುಣ್ಣದ ಪದರ ಕಟ್ಟುತ್ತದೆ. ನಲ್ಲಿಯ ನದಿನೀರನ್ನು ಸೋಸಿ ಆರ್‌ಒ ನೀರಿಗೆ ಬೆರೆಸಿ, ಗಡಸುತನ ಲೀಟರಿಗೆ 50ರಿಂದ 100 ಮಿಲಿಗ್ರಾಂ ಇರುವಂತೆ ನೋಡಿಕೊಂಡರೆ ರುಚಿಗೂ ಯಂತ್ರಕ್ಕೂ ಒಳ್ಳೆಯದು. ಗಡಸುತನವನ್ನು ಅಳೆಯುವ ಪರೀಕ್ಷಾ ಪಟ್ಟಿಗಳು ಕಡಿಮೆ ಬೆಲೆಗೆ ಸಿಗುತ್ತವೆ.

ಸೋಮವಾರಪೇಟೆ ಬೆಳೆಗಾರ

ಗಿರಿಯಂಚು ಅವರ ಮಾತನ್ನು ಒಪ್ಪುತ್ತೇನೆ, ಹಾಲಿಲ್ಲದ ಲೋಟಕ್ಕೆ ಅವರು ಹೇಳಿದ ಎಸ್. 795 ಒಳ್ಳೆಯ ಆಯ್ಕೆ. ಆದರೂ ತೊಳೆದ ರೊಬಸ್ಟಾವನ್ನು ಶೇ. 10ರಷ್ಟಾದರೂ ಸೇರಿಸಿ ಒಮ್ಮೆ ಕುಡಿದು ನೋಡಿ ಎಂಬುದು ನನ್ನ ವಿನಂತಿ. ಮನೆಯಲ್ಲಿ ಎರಡು ಡಬ್ಬಿಗಳನ್ನಿಟ್ಟುಕೊಂಡು, ಅರೆಯುವ ಮುನ್ನ ಬೀಜವನ್ನು ತೂಗಿ ಬೆರೆಸಿಕೊಂಡರೆ ನಿಮ್ಮ ಲೋಟಕ್ಕೊಂದು ಪ್ರಮಾಣ, ಮನೆಯವರ ಲೋಟಕ್ಕೊಂದು ಪ್ರಮಾಣ ಸುಲಭವಾಗಿ ಸಾಧ್ಯ. ಎರಡಕ್ಕೂ ಅರೆಯುವ ಗಾತ್ರ ತುಸು ಬೇರೆಯಾಗುವುದರಿಂದ ಗ್ರೈಂಡರಿನ ಗುರುತುಗಳನ್ನು ಬರೆದಿಟ್ಟುಕೊಳ್ಳಿ. ಹುರಿಸುವಾಗಲೂ ಎರಡನ್ನೂ ಬೇರೆ ಬೇರೆಯಾಗಿಯೇ ಹುರಿಸಿ. ಗಾತ್ರ, ಸಾಂದ್ರತೆಗಳು ಬೇರೆಯಾದ್ದರಿಂದ ಅರೇಬಿಕಾ ಮತ್ತು ರೊಬಸ್ಟಾ ಒಂದೇ ಹೊತ್ತಿಗೆ ಒಂದೇ ಹದಕ್ಕೆ ಬರುವುದಿಲ್ಲ, ಒಟ್ಟಿಗೆ ಹುರಿದರೆ ಒಂದು ಹೆಚ್ಚು ಬೆಂದು ಇನ್ನೊಂದು ಹಸಿಯಾಗಿ ಉಳಿಯುತ್ತದೆ.