ದವಡೆ ಹಲ್ಲಿಗೆ ಯಾವ ಕ್ಯಾಪ್ ಒಳ್ಳೇದು ಮಾರಾಯ್ರೆ?

ಕದ್ರಿಗುಡ್ಡೆ:
ಕೆಳಗಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಆಯ್ತು, ಇನ್ನು ಕ್ಯಾಪ್ ಹಾಕ್ಲಿಕ್ಕೆ ಉಂಟು. ಡಾಕ್ಟ್ರು ಮೂರು ಹೇಳಿದ್ರು, ಬರೀ ಮೆಟಲ್, ಮೆಟಲ್ ಮೇಲೆ ಸೆರಾಮಿಕ್, ಮತ್ತೆ ಜಿರ್ಕೋನಿಯಾ ಅಂತ ಬಿಳಿ ಗಟ್ಟಿ ನಮೂನೆಯದ್ದು. ರೇಟ್ ಒಂದಕ್ಕಿಂತ ಒಂದು ಜಾಸ್ತಿ, ಜಿರ್ಕೋನಿಯಾಕ್ಕೆ ವಾರಂಟಿ ಕಾರ್ಡ್ ಸಹ ಕೊಡ್ತಾರಂತೆ. ನಂಗೆ ಚಂದ ಎಲ್ಲ ಬೇಡ, ಆದಿತ್ಯವಾರ ಕೋರಿ ರೊಟ್ಟಿ ತಿನ್ಲಿಕ್ಕೆ ಆದ್ರೆ ಸಾಕು. ಹಾಕಿಸಿದವ್ರು ಇದ್ರೆ ಹೇಳಿ.

ಬಜ್ಪೆಯವ:
ನಾನು ಮೆಟಲ್ ಮೇಲೆ ಸೆರಾಮಿಕ್ ಹಾಕಿಸಿದ್ದು. ನಾಲ್ಕು ವರ್ಷ ಎಂತ ಸಹ ಆಗ್ಲಿಲ್ಲ, ಮತ್ತೆ ಅಷ್ಟಮಿ ದಿನ ಚಕ್ಕುಲಿ ಕಚ್ಚಿದ್ದೇ ಕಟಕ್ ಅಂತ ಶಬ್ದ ಬಂತು, ಬಾಯಲ್ಲಿ ಬಿಳಿ ಚೂರು, ಹಿಟ್ಟಲ್ಲಿ ಕಲ್ಲು ಉಂಟು ಅಂತ ಅಮ್ಮನಿಗೆ ಜೋರು ಮಾಡಿದೆ, ಕನ್ನಡಿಯಲ್ಲಿ ನೋಡಿದ್ರೆ ಕ್ಯಾಪಿನ ಮೂಲೆ ಹೋಗಿ ಒಳಗಿನ ಮೆಟಲ್ ಕಾಣ್ತಾ ಉಂಟು. ನಾಲಗೆ ತಾಗಿ ತಾಗಿ ಗಾಯ ಬೇರೆ.

ಪ್ಲಾಸ್ಟರ್ ಕೈ, ಉಡುಪಿ:
ನಾನು ಲ್ಯಾಬಲ್ಲಿ ಕ್ಯಾಪ್ ಮಾಡುವವ. ಚಕ್ಕುಲಿಯವ್ರಿಗೆ ಆದದ್ದು ತುಂಬಾ ಜನಕ್ಕೆ ಆಗ್ತದೆ, ಮೆಟಲ್ ಮೇಲಿನ ಸೆರಾಮಿಕ್ ಪದರ ಚೂರು ಏಳುದು. ಜಿರ್ಕೋನಿಯಾದಲ್ಲಿ ಎರಡು ನಮೂನೆ ಉಂಟು, ಅದನ್ನು ಕೇಳುವವ್ರೇ ಇಲ್ಲ. ಒಂದೇ ಬ್ಲಾಕಿಂದ ಇಡೀ ಕೊರೆದದ್ದು ಒಂದು, ಮೇಲಿಂದ ಸೆರಾಮಿಕ್ ಹಚ್ಚಿದ್ದು ಇನ್ನೊಂದು, ಹಚ್ಚಿದ್ದಾದ್ರೆ ಪುನಃ ಅದೇ ಕಥೆ. ದವಡೆಗೆ ಇಡೀದೇ ಕೇಳಿ. ಕೂರಿಸುವಾಗ ಬೈಟ್, ಅಂದ್ರೆ ಮೇಲಿನ ಕೆಳಗಿನ ಹಲ್ಲು ಕೂಡುದು, ಸರಿ ಮಾಡ್ಲಿಕ್ಕೆ ಕ್ಯಾಪ್ ಉಜ್ಜಿದ್ರೆ ಪುನಃ ಪಾಲಿಶ್ ಆಗ್ಬೇಕು, ಒರಟು ಬಿಟ್ರೆ ಮೇಲಿನ ಹಲ್ಲು ಸವೀತದೆ.
ಬರೀ ಮೆಟಲ್ ಹಳೇ ಕಾಲದ್ದು ಅಂತ ಬಿಡ್ಬೇಡಿ. ತೆಳ್ಳಗೆ ಮಾಡ್ಲಿಕ್ಕಾಗ್ತದೆ, ಹಾಗಾಗಿ ಕ್ಯಾಪ್ ಕೂರಿಸ್ಲಿಕ್ಕೆ ನಿಮ್ಮ ಹಲ್ಲು ಕಮ್ಮಿ ಕೊರೆದ್ರೆ ಸಾಕು. ವಾಚ್ ಬಕಲ್ ತಾಗಿದ್ರೆ ತುರಿಸುದು ಉಂಟಾದ್ರೆ ಮಾತ್ರ ಮೊದ್ಲೇ ಹೇಳಿ, ಕ್ಯಾಪಿನ ಮೆಟಲಲ್ಲಿ ಇರುವ ನಿಕ್ಕಲ್ ನಿಮಗೆ ಆಗುದಿಲ್ಲ ಅಂತ ಇರ್ಬಹುದು, ಹಾಗಾದ್ರೆ ನಿಕ್ಕಲ್ ಬಿಟ್ಟು ಕೋಬಾಲ್ಟ್ ಕ್ರೋಮಿಯಂ ಹಾಕ್ತಾರೆ.
ವಾರಂಟಿ ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿ ಎಂತ ಉಂಟು ಓದಿ. ಕ್ಯಾಪಿನ ಅಂಚಲ್ಲಿ ಹಲ್ಲು ಹುಳುಕಾದ್ರೆ ಕಾರ್ಡ್ ಹಿಡ್ಕೊಂಡು ಎಂತ ಮಾಡುದು?

ಕದ್ರಿಗುಡ್ಡೆ:
ಥ್ಯಾಂಕ್ಸ್. ಒಂದು ಬಿಟ್ಟು ಹೋಯ್ತು, ರಾತ್ರಿ ನಿದ್ದೆಯಲ್ಲಿ ಹಲ್ಲು ಕಡೀತೇನಂತೆ, ಹೆಂಡತಿ ಹೇಳುದು.

ಪ್ಲಾಸ್ಟರ್ ಕೈ, ಉಡುಪಿ:
ಅದು ಮೊದ್ಲು ಹೇಳ್ಬೇಕಿತ್ತಲ್ಲ ಮಾರಾಯ್ರೆ! ಹಾಗಾದ್ರೆ ಸೆರಾಮಿಕ್ ಹಚ್ಚಿದ್ದು ಯಾವುದೂ ಬೇಡ, ಮೆಟಲ್ ಇಲ್ಲಾಂದ್ರೆ ಇಡೀ ಜಿರ್ಕೋನಿಯಾ. ರಾತ್ರಿ ಮಲಗುವಾಗ ಹಲ್ಲಿಗೆ ಹಾಕುವ ನೈಟ್ ಗಾರ್ಡ್ ಬೇಕಾ ಅಂತ ಡಾಕ್ಟ್ರತ್ರ ಕೇಳಿ. ಮತ್ತೆ ರೊಟ್ಟಿ ಗಸಿಯಲ್ಲಿ ಚೆನ್ನಾಗಿ ನೆನೆಸಿ ತಿನ್ನಿ.

ಕದ್ರಿಗುಡ್ಡೆ:
ನೆನೆದು ಮುದ್ದೆ ಆದ್ರೆ ಅದೆಂತ ರೊಟ್ಟಿ. ಮೆಟಲ್ಲೇ ಹಾಕಿಸ್ತೇನೆ.