ಸಹಾಯ ಬೇಕು: ಹಳೆಯ ಪ್ಯೂಜೋ ರೇಸಿಂಗ್ ಸೈಕಲ್‌ಗೆ ಫ್ರೆಂಚ್ ಅಳತೆಯ ಬಿಡಿಭಾಗ

ನಮಸ್ಕಾರ. ದೊಡ್ಡಪ್ಪನ ಪ್ಯೂಜೋ ಪಿಎಕ್ಸ್-10 ಸೈಕಲ್ ರಿಪೇರಿ ಮಾಡುತ್ತಿದ್ದೇನೆ. 1970ರ ದಶಕದ್ದು. ರೆನಾಲ್ಡ್ಸ್ 531 ಉಕ್ಕಿನ ಕೊಳವೆಗಳ ಫ್ರೇಮ್ ಇನ್ನೂ ಗಟ್ಟಿಯಾಗಿದೆ.

ತೊಂದರೆ ಇರುವುದು ಬಾಟಮ್ ಬ್ರಾಕೆಟ್‌ನಲ್ಲಿ, ಅಂದರೆ ಪೆಡಲ್‌ಗಳ ಅಚ್ಚು ತಿರುಗುವ ಜಾಗದಲ್ಲಿ. ಫ್ರೆಂಚ್ ಅಳತೆ, 35 ಮಿ.ಮೀ., ಥ್ರೆಡ್ ಅಂತರ 1 ಮಿ.ಮೀ. ಅಚ್ಚನ್ನು ಎರಡು ಬದಿಯಿಂದ ಹಿಡಿದಿಡುವ ಥ್ರೆಡ್ ಇರುವ ಕಪ್ ಎರಡೂ ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತವೆ. ಇಂಗ್ಲಿಷ್ ಅಳತೆಯಲ್ಲಿ ಚೈನ್ ಕಡೆಯ ಕಪ್ ಎಡಕ್ಕೆ ತಿರುಗಿಸಬೇಕು. ಒಬ್ಬ ಅಂಗಡಿಯವರು ಇಂಗ್ಲಿಷ್ ಕಪ್ಪನ್ನೇ ಬಲವಂತವಾಗಿ ಕೂರಿಸಲು ಹೋಗಿ ಥ್ರೆಡ್ ಸ್ವಲ್ಪ ಹಾಳು ಮಾಡಿದರು. ನೋಡಿ ಹೊಟ್ಟೆ ಉರಿಯಿತು.

ಫ್ರೆಂಚ್ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಇರುವ ಮೆಕ್ಯಾನಿಕ್ ಯಾರಾದರೂ ಗೊತ್ತಾ? ಕಪ್ ಜೋಡಿ, ಆ ಕಾಲದ ಸಿಂಪ್ಲೆಕ್ಸ್ ಕಂಪನಿಯ ಡಿರೇಲರ್ (ಗೇರ್ ಬದಲಿಸುವ ಭಾಗ) ಕೂಡ ಬೇಕು. ಇರುವುದು ಪ್ಲಾಸ್ಟಿಕ್‌ನದು, ಬಿರುಕು ಬಿಟ್ಟಿದೆ. ಹೊಸ ಗೇರ್ ಹಾಕಿದರೆ ಅದು ದೊಡ್ಡಪ್ಪನ ಸೈಕಲ್ ಆಗಿ ಉಳಿಯಲ್ಲ, ಅಲ್ವಾ? ಇರುವುದು ಬೆಂಗಳೂರಿನಲ್ಲಿ, ಮೈಸೂರು, ವಿಜಯಪುರಕ್ಕಾದರೂ ಬರುತ್ತೇನೆ.