ಶಿರಸಿ ಮನೆಯ ಕಂಪ್ಯೂಟರಿಗೆ ಕಾರವಾರದಿಂದ ಟನೆಲ್: ಹಾಕುವುದು ಹೇಗೆ, ಕೈಕೊಡುವುದು ಎಲ್ಲಿ?

ಪ್ರಶ್ನೆ
ಶಿರಸಿ ಹತ್ತಿರದ ಹಳ್ಳಿಮನೆಯಲ್ಲಿ ವಿಂಡೋಸ್ 11 ಹೋಮ್ ಇರುವ ಡೆಸ್ಕ್‌ಟಾಪ್ ಇದೆ. ತೋಟದ ಲೆಕ್ಕ, ಅಡಿಕೆ ಮಾರಾಟದ ಪಟ್ಟಿ ಎಲ್ಲ ಅದರಲ್ಲೇ. ಮನೆಗೆ ಫೈಬರ್ ಬಂದಿದೆ. ವಾರವಿಡೀ ನಾನಿರುವುದು ಕಾರವಾರದಲ್ಲಿ. ಅಲ್ಲಿಂದ ಲ್ಯಾಪ್‌ಟಾಪಿನಲ್ಲಿ ಅದನ್ನು ಸುರಕ್ಷಿತವಾಗಿ ತೆರೆಯಬೇಕು. ವೈರ್‌ಗಾರ್ಡ್ ಹಾಕು ಅನ್ನುತ್ತಾರೆ; ಇಂಟರ್ನೆಟ್ಟಿನ ಮೂಲಕ ಎರಡು ಯಂತ್ರಗಳ ನಡುವೆ ಗೂಢಲಿಪಿಯ ಖಾಸಗಿ ದಾರಿ, ಅಂದರೆ ಟನೆಲ್, ಹಾಕುವ ಸಾಫ್ಟ್‌ವೇರ್ ಅದಂತೆ. ಎಲ್ಲಿಂದ ಶುರು ಮಾಡಲಿ? ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದು ನಿತ್ಯದ್ದು. ಮನೆಯಲ್ಲಿ ಆಯಿ, ಅಪ್ಪಯ್ಯ ಇಬ್ಬರೇ. ಅವರು ಏನನ್ನೂ ಒತ್ತಬೇಕಾಗಿ ಬರಬಾರದು.

ಕುಮಟಾದಿಂದ
ಸಾಫ್ಟ್‌ವೇರ್ ಇಳಿಸಿಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ರೌಟರಿನ ಪುಟ ತೆರೆದು ವ್ಯಾನ್ ವಿಳಾಸ (ಇಂಟರ್ನೆಟ್ ಕಂಪನಿ ರೌಟರಿಗೆ ಕೊಟ್ಟ ವಿಳಾಸ) ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗಿದ್ದರೆ, ಅಥವಾ 10 ಎಂದಿದ್ದರೆ, ಕಂಪನಿ ಒಂದೇ ಹೊರವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ ಎಂದರ್ಥ. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ಆಗ ನಿಮ್ಮ ರೌಟರಿನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದದ್ದನ್ನು ಒಳಗಿನ ಯಂತ್ರಕ್ಕೆ ದಾಟಿಸುವ ಏರ್ಪಾಡು) ಎಷ್ಟು ಸಲ ಮಾಡಿದರೂ ಹೊರಗಿನಿಂದ ಒಂದು ಪ್ಯಾಕೆಟ್ಟೂ ಒಳಬರುವುದಿಲ್ಲ. ಹೆಚ್ಚಿನವರ ಸಮಯ ಹಾಳಾಗುವುದು ಇಲ್ಲೇ.

ಹಾಗೆಯೇ ಮನೆಯ ರೌಟರಿನ ಒಳವಿಳಾಸ 192.168.1 ಆಗಿದ್ದರೆ ಈಗಲೇ 192.168.37 ಎಂಬಂಥದ್ದಕ್ಕೆ ಬದಲಿಸಿ. ಕಾರವಾರದ ರೂಮಿನ ರೌಟರೂ 192.168.1 ಆಗಿದ್ದರೆ, ಮನೆಯ ಕಂಪ್ಯೂಟರಿಗೆ ಹೋಗಬೇಕಾದದ್ದು ರೂಮಿನಲ್ಲೇ ಸುತ್ತುತ್ತದೆ.

ಪ್ರಶ್ನೆ ಕೇಳಿದವರು
ನೋಡಿದೆ. 100.8 ಅಲ್ಲ, 100.80 ಎಂದೇ ಇದೆ. ಹಾಗಾದರೆ ದಾರಿಯಿಲ್ಲವೇ?

ಹೊನ್ನಾವರದಿಂದ
ದಾರಿ ಉಂಟು. ಹಣ ಕೊಟ್ಟರೆ ಸ್ಥಿರ ವಿಳಾಸ ಸಿಗುತ್ತದೆಯೇ ಎಂದು ಕಂಪನಿಯನ್ನು ಕೇಳಬಹುದು. ಎರಡೂ ಕಡೆ ಐಪಿವಿ6 (ಹೊಸ ಬಗೆಯ, ಹಲವರಿಗೆ ಹಂಚಬೇಕಿಲ್ಲದ ವಿಳಾಸ) ಇದ್ದರೆ ನೇರ ಸಂಪರ್ಕವೂ ಸಾಧ್ಯ; ರೌಟರಿನ ಐಪಿವಿ6 ಫೈರ್‌ವಾಲಿನಲ್ಲಿ ವೈರ್‌ಗಾರ್ಡ್ ಬಳಸುವ ಒಂದು ಯುಡಿಪಿ ಪೋರ್ಟ್ ಬಿಡಿಸಬೇಕು, ಆದರೆ ವಿಳಾಸದ ಮುಂಭಾಗ ಆಗಾಗ ಬದಲಾಗುವುದರಿಂದ ಬೆನ್ನು ಹತ್ತುವ ಕೆಲಸ ತಪ್ಪದು. ಬೇಗ ಮುಗಿಯಬೇಕೆಂದರೆ ಟೈಲ್‌ಸ್ಕೇಲ್. ಒಳಗೆ ಇರುವುದು ವೈರ್‌ಗಾರ್ಡೇ, ಸಿಜಿನ್ಯಾಟಿನಲ್ಲೂ ಓಡುತ್ತದೆ; ಹೊರಗಿನ ಖಾತೆಯೊಂದನ್ನು ನಂಬಬೇಕು. ಅದನ್ನು ಹಾಕಿದರೆ 'ಅನ್‌ಅಟೆಂಡೆಡ್ ಮೋಡ್' ಕಡ್ಡಾಯವಾಗಿ ಆನ್ ಮಾಡಿ. ಇಲ್ಲದಿದ್ದರೆ ಮನೆಯಲ್ಲಿ ಯಾರಾದರೂ ಲಾಗಿನ್ ಆಗುವವರೆಗೆ ಅದು ಏಳುವುದಿಲ್ಲ. ಕೀ ಅವಧಿ ಮುಗಿಯುವುದನ್ನೂ ಮನೆಯ ಯಂತ್ರಕ್ಕೆ ಮಾತ್ರ ನಿಲ್ಲಿಸಿಡಿ.

ಎಲ್ಲವೂ ನಿಮ್ಮ ಕೈಯಲ್ಲೇ ಇರಬೇಕೆಂದರೆ ಹೊರವಿಳಾಸ ಇರುವ ಚಿಕ್ಕ ಲಿನಕ್ಸ್ ವಿಪಿಎಸ್ (ಡೇಟಾ ಸೆಂಟರಿನಲ್ಲಿ ಸದಾ ಓಡುವ ಸರ್ವರ್) ಬಾಡಿಗೆಗೆ ತೆಗೆದುಕೊಳ್ಳಿ. ಮನೆ ಮತ್ತು ಲ್ಯಾಪ್‌ಟಾಪ್ ಎರಡೂ ಅದಕ್ಕೆ ಹೋಗಿ ಸೇರುತ್ತವೆ. ನನ್ನ ಶಿಫಾರಸು ಇದಕ್ಕೇ.

ಕಾರವಾರದಿಂದ
ವಿಪಿಎಸ್ ದಾರಿಯ ಲೆಕ್ಕ ಹೇಳುತ್ತೇನೆ, ತಮ್ಮಾ. ಟನೆಲ್ಲಿಗೆ 10.37.0 ಜಾಲ ಇಟ್ಟುಕೊಳ್ಳಿ: ವಿಪಿಎಸ್ 10.37.0.1, ಮನೆ 10.37.0.2, ಲ್ಯಾಪ್‌ಟಾಪ್ 10.37.0.3. ಪ್ರತಿ ಯಂತ್ರದ ಕೀ ಜೋಡಿ (ಗುರುತಿಗೆ ಬೇಕಾದ ಪಬ್ಲಿಕ್, ಪ್ರೈವೇಟ್ ಎಂಬ ಎರಡು ಅಕ್ಷರಸಾಲು) ಆ ಯಂತ್ರದಲ್ಲೇ ಹುಟ್ಟಬೇಕು. ಪಬ್ಲಿಕ್ ಕೀ ಮಾತ್ರ ಆಚೆ ಕಳಿಸಿ. ಪ್ರೈವೇಟ್ ಕೀಯನ್ನು ವಾಟ್ಸ್‌ಆ್ಯಪಿನಲ್ಲೂ ಕಳಿಸಬೇಡಿ. ವಿಪಿಎಸ್‌ನಲ್ಲಿ ಯುಡಿಪಿ 51820 ತೆರೆದು, ಐಪಿವಿ4 ಫಾರ್ವರ್ಡಿಂಗ್ (ಒಂದು ಯಂತ್ರದ್ದನ್ನು ಇನ್ನೊಂದಕ್ಕೆ ದಾಟಿಸುವುದು) ಆನ್ ಮಾಡಿ. ಕೆಲವು ವಿಪಿಎಸ್‌ಗಳಿಗೆ ಕಂಪನಿಯ ಜಾಲಪುಟದಲ್ಲಿ ಬೇರೆಯೇ ಒಂದು ಫೈರ್‌ವಾಲ್ ಇರುತ್ತದೆ, ಅಲ್ಲಿಯೂ ತೆರೆಯಬೇಕು.

ಎಲ್ಲರೂ ಎಡವುವುದು 'ಅಲೌಡ್ ಐಪೀಸ್' ಸಾಲಿನಲ್ಲಿ. ಅದಕ್ಕೆ ಎರಡು ಕೆಲಸ: ಯಾವ ವಿಳಾಸಕ್ಕೆ ಹೋಗುವುದನ್ನು ಈ ಪೀರ್‌ಗೆ (ಟನೆಲ್ಲಿನ ಆಚೆ ತುದಿಯ ಯಂತ್ರಕ್ಕೆ) ಕೊಡಬೇಕು, ಮತ್ತು ಈ ಪೀರ್‌ನಿಂದ ಯಾವ ವಿಳಾಸದ್ದು ಬಂದರೆ ಒಪ್ಪಬೇಕು. ಹಾಗಾಗಿ ವಿಪಿಎಸ್‌ನಲ್ಲಿ ಮನೆಗೆ 10.37.0.2/32, ಲ್ಯಾಪ್‌ಟಾಪಿಗೆ 10.37.0.3/32 (/32 ಎಂದರೆ ಆ ಒಂದೇ ವಿಳಾಸ). ಮನೆಯಲ್ಲೂ ಲ್ಯಾಪ್‌ಟಾಪಿನಲ್ಲೂ ವಿಪಿಎಸ್‌ಗೆ 10.37.0.0/24 (10.37.0 ಎಂದು ಶುರುವಾಗುವ ಎಲ್ಲ ವಿಳಾಸ). ನೆಟ್ಟಿನಲ್ಲಿ ಸಿಗುವ ಮಾದರಿಗಳಲ್ಲಿ 0.0.0.0/0, ಅಂದರೆ ಎಲ್ಲ ವಿಳಾಸಗಳೂ, ಎಂದಿರುತ್ತದೆ, ಮನೆಯ ಕಂಪ್ಯೂಟರಿನಲ್ಲಿ ಅದನ್ನು ಹಾಕಿದರೆ ಮನೆಯ ಇಂಟರ್ನೆಟ್ಟೆಲ್ಲ ವಿಪಿಎಸ್ ಸುತ್ತಿ ಬರುತ್ತದೆ, ಟನೆಲ್ ಬಿದ್ದರೆ ಮನೆಯಲ್ಲಿ ನೆಟ್ಟೇ ಇಲ್ಲ.

ಮನೆಯ ಕಡೆ 'ಪರ್ಸಿಸ್ಟೆಂಟ್ ಕೀಪ್‌ಅಲೈವ್' 25 ಎಂದು ಬರೆಯಿರಿ. 25 ಸೆಕೆಂಡಿಗೊಮ್ಮೆ ಸಣ್ಣ ಪ್ಯಾಕೆಟ್ ಹೋಗುತ್ತಿದ್ದರೆ ಕಂಪನಿಯ ಸಿಜಿನ್ಯಾಟ್ ದಾರಿ ಮುಚ್ಚುವುದಿಲ್ಲ. ಇದು ಇಲ್ಲದಿದ್ದರೆ ಮೊದಲು ಸರಿಯಾಗಿ ಓಡಿ, ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಕಾರವಾರದಿಂದ ಮನೆ ಸಿಗದು.

ವಿಂಡೋಸ್ ಹೋಮ್ ಹೊರಗಿನಿಂದ ಬರುವ ರಿಮೋಟ್ ಡೆಸ್ಕ್‌ಟಾಪನ್ನು ಸ್ವೀಕರಿಸುವುದಿಲ್ಲ. ಪ್ರೊ ಆವೃತ್ತಿ ಕೊಳ್ಳಿ, ಇಲ್ಲವೇ ಪರದೆಯನ್ನು ದೂರಕ್ಕೆ ತೋರಿಸುವ ಟೈಟ್‌ವಿಎನ್‌ಸಿಯನ್ನು ಸರ್ವೀಸ್ ಆಗಿ (ಲಾಗಿನ್‌ಗೆ ಮೊದಲೇ ಹಿನ್ನೆಲೆಯಲ್ಲಿ ಓಡುವಂತೆ) ಹಾಕಿ. ಸರ್ವೀಸ್ ಆಗಿದ್ದರೆ ಲಾಗಿನ್ ಪರದೆಯೂ ಕಾಣುತ್ತದೆ. ಅದರ ಪಾಸ್‌ವರ್ಡಿಗೆ 8 ಅಕ್ಷರಗಳ ಮಿತಿ ಇರುವುದರಿಂದ ಪೋರ್ಟ್ 5900ನ್ನು 10.37.0.3ರಿಂದ ಬಂದರೆ ಮಾತ್ರ ಬಿಡುವಂತೆ ವಿಂಡೋಸ್ ಫೈರ್‌ವಾಲಿನಲ್ಲಿ ನಿಯಮ ಬರೆಯಿರಿ. ಲೆಕ್ಕದ ಕಡತವನ್ನು ಹಂಚಿದ ಫೋಲ್ಡರ್ ಮೂಲಕ ನೇರವಾಗಿ ತೆರೆಯಬೇಡಿ. ನಡುವೆ ಲೈನ್ ಕಡಿದರೆ ಅರ್ಧ ಬರೆದ ಕಡತ ಕೆಡಬಹುದು.

ಶಿರಸಿಯಿಂದ
ನಮ್ಮ ಕಡೆ ಕರೆಂಟು ಬಂದ ಮೇಲೆ ಎಲ್ಲವೂ ತಾನಾಗಿ ಏಳುತ್ತದೆಯೇ ಎಂಬುದೇ ದೊಡ್ಡ ಪ್ರಶ್ನೆ, ಅದಕ್ಕೆ ಇದನ್ನು ವಿಸ್ತಾರವಾಗಿ ಬರೆಯುತ್ತಿದ್ದೇನೆ. ಬಯಾಸ್‌ನಲ್ಲಿ (ವಿಂಡೋಸ್ ಏಳುವ ಮೊದಲೇ ತೆರೆಯುವ ಸೆಟ್ಟಿಂಗ್ ಪುಟ) 'ಎಸಿ ಪವರ್ ಲಾಸ್' ಎಂಬ ಆಯ್ಕೆಯನ್ನು 'ಪವರ್ ಆನ್'ಗೆ ಇಡಿ. 'ಲಾಸ್ಟ್ ಸ್ಟೇಟ್' ಬೇಡ: ಯುಪಿಎಸ್ ಬ್ಯಾಟರಿ ಇಳಿದು ಯಂತ್ರ ಕ್ರಮವಾಗಿ ಆಫ್ ಆಗಿದ್ದರೆ, ಕರೆಂಟು ಬಂದರೂ ಅದು ಆಫ್ ಆಗಿಯೇ ಉಳಿಯುತ್ತದೆ. ವಿಂಡೋಸ್‌ನಲ್ಲಿ ಸ್ಲೀಪ್ 'ನೆವರ್' ಮಾಡಿ. ವೈರ್‌ಗಾರ್ಡ್ ಆ್ಯಪಿನಲ್ಲಿ ಟನೆಲ್ ಒಮ್ಮೆ ಆನ್ ಮಾಡಿದರೆ ಸರ್ವೀಸ್ ಆಗಿ ಕೂರುತ್ತದೆ, ಲಾಗಿನ್ ಇಲ್ಲದೆಯೂ ಬೂಟ್ ಆದಾಗ ತಾನೇ ಶುರುವಾಗುತ್ತದೆ.

ಈಗ ಯಾರೂ ಊಹಿಸದ ತೊಂದರೆ. ವೈರ್‌ಗಾರ್ಡಿನ ಹ್ಯಾಂಡ್‌ಶೇಕ್‌ನಲ್ಲಿ (ಎರಡು ಯಂತ್ರಗಳ ಮೊದಲ ಪರಿಚಯ ವಿನಿಮಯ) ಹೊರಟ ಕಡೆಯ ಗಡಿಯಾರದ ಸಮಯವೂ ಸೇರಿರುತ್ತದೆ. ಹಳೆಯ ಪ್ಯಾಕೆಟ್ಟನ್ನು ಕದ್ದು ಮತ್ತೆ ಕಳಿಸುವವರನ್ನು ತಡೆಯಲು ಈ ಏರ್ಪಾಡು. ವಿಪಿಎಸ್ ಕೊನೆಯ ಸಲ ಕಂಡ ಸಮಯಕ್ಕಿಂತ ಹಿಂದಿನದು ಬಂದರೆ ಸದ್ದಿಲ್ಲದೆ ಬಿಸಾಡುತ್ತದೆ. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದ್ದರೆ ಕರೆಂಟು ಹೋದಾಗ ಗಡಿಯಾರ ವರ್ಷಗಟ್ಟಲೆ ಹಿಂದೆ ಹೋಗುತ್ತದೆ, ವ್ಯತ್ಯಾಸ ಬಹಳ ದೊಡ್ಡದಾದರೆ ವಿಂಡೋಸ್ ತಾನಾಗಿ ಸರಿಪಡಿಸದೆ ಬಿಡುವುದೂ ಉಂಟು. ಇಂಟರ್ನೆಟ್ ಇದೆ, ಕೀ ಸರಿ ಇದೆ, ಟನೆಲ್ ಮಾತ್ರ ಏಳದು. ಮಳೆಗಾಲಕ್ಕೆ ಮೊದಲೇ ಸೆಲ್ ಬದಲಿಸಿ. ಶಿರಸಿ ಪೇಟೆಯಲ್ಲಿ ವಾಚ್ ರಿಪೇರಿಯವರ ಹತ್ತಿರವೂ ಸಿಗುತ್ತದೆ. ರಾಸ್ಪ್‌ಬೆರಿ ಪೈ ಬಳಸುವವರಿಗೂ ಇದೇ ಮಾತು, ಪೈ 4ರವರೆಗೆ ಬ್ಯಾಟರಿ ಗಡಿಯಾರವೇ ಇಲ್ಲ.

ಫೈಬರ್ ಪೆಟ್ಟಿಗೆ ಮತ್ತು ರೌಟರಿಗೆ ಮಿನಿ ಯುಪಿಎಸ್ ಸಾಕು. ಅಡಾಪ್ಟರಿನ ಮೇಲೆ ವೋಲ್ಟ್, ಆಂಪಿಯರ್, ಪ್ಲಸ್ ಯಾವ ಕಡೆ ಎಂದು ನೋಡಿಯೇ ಕೊಳ್ಳಿ. ಗಾಜಿನ ಎಳೆ ಸಿಡಿಲನ್ನು ಒಳತರುವುದಿಲ್ಲ, ಆದರೆ ಅದರ ಜೊತೆಗಿರುವ ಆಸರೆ ತಂತಿ ಉಕ್ಕಿನದು. ಆ ತಂತಿಯನ್ನು ಹೊರಗೋಡೆಯಲ್ಲೇ ಕೊನೆಗೊಳಿಸಲು ಲೈನ್‌ಮನ್‌ಗೆ ಹೇಳಿ.

ಕುಮಟಾದಿಂದ
ಪರೀಕ್ಷೆಯನ್ನು ಮನೆಯ ವೈಫೈನಲ್ಲಿ ಕುಳಿತು ಮಾಡಬೇಡಿ, ಮೊಬೈಲ್ ಡೇಟಾ ಹಿಡಿದು ಮಾಡಿ. ಪೋರ್ಟ್ ತೆರೆದಿದೆಯೇ ಎಂದು ಹೇಳುವ ಜಾಲತಾಣಗಳನ್ನು ನಂಬಬೇಡಿ, ಏಕೆಂದರೆ ಪರಿಚಯವಿಲ್ಲದ ಪ್ಯಾಕೆಟ್ಟಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. ಆ್ಯಪಿನಲ್ಲಿ 'ಲೇಟೆಸ್ಟ್ ಹ್ಯಾಂಡ್‌ಶೇಕ್' ನೋಡಿ. ಅದು ಇಲ್ಲ, ಕಳಿಸಿದ್ದು ಏರುತ್ತಿದೆ, ಬಂದದ್ದು ಸೊನ್ನೆ ಎಂದರೆ ತಪ್ಪಿರುವುದು ಪೋರ್ಟ್, ಕೀ ಅಥವಾ ಗಡಿಯಾರದಲ್ಲಿ. ಹ್ಯಾಂಡ್‌ಶೇಕ್ ಇದ್ದೂ 10.37.0.1ಕ್ಕೆ ಪಿಂಗ್ (ಯಂತ್ರ ಉತ್ತರಿಸುತ್ತದೆಯೇ ಎಂಬ ಪರೀಕ್ಷೆ) ಹೋಗಿ 10.37.0.2ಕ್ಕೆ ಹೋಗದಿದ್ದರೆ ಫಾರ್ವರ್ಡಿಂಗ್ ಅಥವಾ ವಿಂಡೋಸ್ ಫೈರ್‌ವಾಲ್. ವಿಂಡೋಸ್ ಈ ಜಾಲವನ್ನು 'ಪಬ್ಲಿಕ್' ಎಂದು ಎಣಿಸಿ ಪಿಂಗನ್ನೂ ತಡೆಯುತ್ತದೆ. ಪಿಂಗ್ ಸರಿಯಿದ್ದು ಪರದೆ ಅರ್ಧಕ್ಕೇ ನಿಂತರೆ ತೊಂದರೆ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರದ್ದು. ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ ಬಗೆ) ಫೈಬರಿನಲ್ಲಿ 1500ರ ಬದಲು 1492 ಮಾತ್ರ ಸಿಗುತ್ತದೆ, ಐಪಿವಿ6 ಮೇಲೆ ಹೋಗುವ ಟನೆಲ್ಲಿಗೆ 80 ಕಳೆದರೆ 1412. ವೈರ್‌ಗಾರ್ಡ್ ತಾನಾಗಿ ಹಿಡಿಯುವುದು ಸಾಮಾನ್ಯವಾಗಿ 1420. ಮೊದಲು 1280 ಹಾಕಿ ನೋಡಿ. ಸರಿಹೋದರೆ ಆಮೇಲೆ ಮೆಲ್ಲಗೆ ಏರಿಸಿ.